ಒಂದೇ ಮನೆ, ಒಂದೇ ಜ್ವರ

ಸಾವಿನ ಮನೆಗೆ ಹೋಗಿ ಬಂದವರಿಗೆಲ್ಲ ಈ ಮಾತು ಪರಿಚಿತ. ಜನಾಝಾ ನಮಾಝ್ ಮುಗಿದು, ಕಬರ್‌ಸ್ತಾನದಿಂದ ಮರಳಿದವರು ಅಂಗಳದ ಕುರ್ಚಿಗಳಲ್ಲಿ ಕುಳಿತು ಸ್ವಲ್ಪ ಹೊತ್ತಾದ ಮೇಲೆ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ ಕೇಳುತ್ತಾರೆ. "ಮನೆಯ ಐದೂ ಮಂದಿಗೆ ಜ್ವರ ಬಂದಿತ್ತಲ್ಲ, ಇವನೊಬ್ಬ ಮಾತ್ರ ಯಾಕೆ ಹೋದ?" ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಆಯುಸ್ಸು ಅಷ್ಟೇ ಇತ್ತು ಎಂದು ಹಿರಿಯರು ಹೇಳುತ್ತಾರೆ. ಕಷಾಯ ಕುಡಿಯಲು ಅಸಡ್ಡೆ ಮಾಡುತ್ತಿದ್ದ ಎಂದು ಹೆಂಗಸರು ಒಳಗಿನಿಂದ ಹೇಳುತ್ತಾರೆ. ನಾಲ್ಕಕ್ಷರ ಕಲಿತವರು "ರೋಗ ನಿರೋಧಕ ಶಕ್ತಿ ಕಡಿಮೆ ಇತ್ತು" ಎನ್ನುತ್ತಾರೆ. ಈ ಕೊನೆಯ ಉತ್ತರ ವಿಜ್ಞಾನದ ಹಾಗೆ ಕೇಳಿಸುವುದರಿಂದ ಅದರ ಮೇಲೆ ಮತ್ತೆ ಪ್ರಶ್ನೆ ಬರುವುದಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಚಹಾ ಬರುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ನನಗೆ ಈ ಮೂರನೆಯ ಉತ್ತರದ ಮೇಲೆಯೇ ಹೆಚ್ಚು ಅನುಮಾನ ಹುಟ್ಟಿದೆ. ಹಿರಿಯರ ಉತ್ತರ ನಂಬಿಕೆಯದು, ಅದಕ್ಕೆ ಅದರದೇ ಜಾಗವಿದೆ. ಆದರೆ ವಿಜ್ಞಾನದ ಹೆಸರಿನಲ್ಲಿ ಹೇಳುವ ಮಾತು ವಿಜ್ಞಾನದ ಮುಂದೆ ನಿಲ್ಲಬೇಕಲ್ಲ? ಭಯಂಕರ ವೈರಸ್‌ಗಳ ವಿಷಯದಲ್ಲಿ ಅದು ಅನೇಕ ಸಲ ನಿಲ್ಲುವುದಿಲ್ಲ. ಶಕ್ತಿ ಕಡಿಮೆಯಾಗಿ ಸತ್ತವರಿದ್ದಾರೆ, ನಿಜ. ಆದರೆ ಇದ್ದ ಶಕ್ತಿ ಹೊತ್ತಲ್ಲದ ಹೊತ್ತಿನಲ್ಲಿ, ಹದ ತಪ್ಪಿ ಎದ್ದದ್ದರಿಂದ ಸತ್ತವರು ಬಹಳ ಮಂದಿ. ಇದನ್ನು ತಿಳಿಯಲು ವಿಜ್ಞಾನಿಗಳು ವೈರಸ್ಸನ್ನು ಬಿಟ್ಟು, ವೈರಸ್ ಹೊಕ್ಕ ದೇಹವನ್ನು ಇಡಿಯಾಗಿ ನೋಡಬೇಕಾಯಿತು.

1918ರ ಇನ್‌ಫ್ಲುಯೆಂಜಾದಿಂದ ಆರಂಭಿಸುತ್ತೇನೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಅದು ಕೊಂಡೊಯ್ದಿತು ಎಂಬ ಅಂದಾಜಿದೆ. ಭಾರತವೊಂದರಲ್ಲೇ 1.2 ಕೋಟಿಗಿಂತ ಹೆಚ್ಚು. ಸಾಮಾನ್ಯ ಫ್ಲೂ ಮುದುಕರನ್ನೂ ಹಸುಗೂಸುಗಳನ್ನೂ ಹುಡುಕಿಕೊಂಡು ಹೋಗುತ್ತದೆ. ಇದು 20ರಿಂದ 40ರ ಪ್ರಾಯದ, ಗಟ್ಟಿಮುಟ್ಟಾದವರನ್ನು ಎತ್ತಿಕೊಂಡು ಹೋಯಿತು. ದುಡಿಯುವ ಮಗ ಹೋದ, ಹಾಸಿಗೆ ಹಿಡಿದಿದ್ದ ಅಜ್ಜಿ ಉಳಿದಳು. ನಿರೋಧಕ ಶಕ್ತಿ ಕಡಿಮೆಯಾದದ್ದೇ ಕಾರಣವಾಗಿದ್ದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು.

ಆ ವೈರಸ್ ಮಾಯವಾಗಿ ಎಂಬತ್ತು ವರ್ಷಗಳ ಮೇಲೆ ಅದನ್ನು ಮತ್ತೆ ಹುಡುಕಿ ತೆಗೆದ ಕತೆಯೇ ಬೇರೆ ಒಂದು ಲೇಖನಕ್ಕಾಗುವಷ್ಟಿದೆ. ಅಲಾಸ್ಕದಲ್ಲಿ ಬ್ರೆವಿಗ್ ಮಿಷನ್ ಎಂಬ ಒಂದು ಪುಟ್ಟ ಹಳ್ಳಿ. 1918ರ ನವೆಂಬರಿನಲ್ಲಿ ಅಲ್ಲಿನ 80 ವಯಸ್ಕರಲ್ಲಿ 72 ಮಂದಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರನ್ನು ಹೂತ ನೆಲ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಯೋಹಾನ್ ಹುಲ್ಟಿನ್ ಎಂಬ ವೈದ್ಯ 1951ರಲ್ಲಿ ಒಮ್ಮೆ ಅಲ್ಲಿ ಅಗೆದು, ಫಲ ಸಿಗದೆ ಹಿಂದಿರುಗಿದ್ದ. 1997ರಲ್ಲಿ, 72ರ ಪ್ರಾಯದಲ್ಲಿ, ಊರವರ ಒಪ್ಪಿಗೆ ಪಡೆದು ಮತ್ತೆ ಹೋಗಿ, ಹಿಮದಲ್ಲಿ ಕೆಡದೆ ಉಳಿದಿದ್ದ ಒಬ್ಬ ಹೆಂಗಸಿನ ಶ್ವಾಸಕೋಶದ ತುಣುಕನ್ನು ತಂದ. ಅಮೆರಿಕದ ಜೆಫ್ರಿ ಟಾಬೆನ್‌ಬರ್ಗರ್ ಮತ್ತವನ ಜೊತೆಗಾರರು ಅದರಿಂದಲೂ, ಸೈನಿಕರ ಉಳಿದಿಟ್ಟ ಅಂಗಾಂಶಗಳಿಂದಲೂ ವೈರಸ್ಸಿನ ಪೂರ್ತಿ ಅಕ್ಷರಮಾಲೆಯನ್ನು ಓದಿ ಮುಗಿಸಿದ್ದು 2005ರಲ್ಲಿ. ಅದೇ ವರ್ಷ ಆ ವೈರಸ್ಸನ್ನು ಪ್ರಯೋಗಾಲಯದಲ್ಲಿ ಮತ್ತೆ ಕಟ್ಟಲಾಯಿತು. ಸತ್ತ ಹಾವಿಗೆ ಯಾಕೆ ಜೀವ ಕೊಟ್ಟಿರಿ ಎಂದು ಆಗಲೇ ಅನೇಕರು ಕೇಳಿದರು. ಆ ಪ್ರಶ್ನೆ ನನ್ನ ಮಟ್ಟಿಗೆ ಇಂದಿಗೂ ಮುಗಿದಿಲ್ಲ.

ಮುಂದಿನ ಹೆಜ್ಜೆ ಕೆನಡಾದ ವಿನ್ನಿಪೆಗ್‌ನ ಅತ್ಯಂತ ಭದ್ರವಾದ ಪ್ರಯೋಗಾಲಯದಲ್ಲಿ ನಡೆಯಿತು. ಅದರ ವರದಿ ಬಂದದ್ದು 2007ರ ಜನವರಿಯಲ್ಲಿ. ಏಳು ಕೋತಿಗಳಿಗೆ 1918ರ ವೈರಸ್ಸನ್ನು, ಮೂರಕ್ಕೆ ಸಾಮಾನ್ಯ ಫ್ಲೂ ವೈರಸ್ಸನ್ನು ಕೊಟ್ಟರು. 21 ದಿನ ನೋಡುವ ಯೋಜನೆಯಿತ್ತು. ಸಾಮಾನ್ಯ ಫ್ಲೂ ತಗಲಿದವು ಸ್ವಲ್ಪ ಮಂಕಾಗಿ ಸುಧಾರಿಸಿಕೊಂಡವು. ಉಳಿದ ಏಳು ಎಷ್ಟು ನರಳಿದವೆಂದರೆ ಎಂಟನೆಯ ದಿನ ಪ್ರಯೋಗವನ್ನೇ ನಿಲ್ಲಿಸಿ, ಅವುಗಳ ಸಂಕಟವನ್ನು ಮುಗಿಸಬೇಕಾಯಿತು. ಕೊಯ್ದು ನೋಡಿದರೆ ಶ್ವಾಸಕೋಶಗಳಲ್ಲಿ ರಕ್ತ ಮತ್ತು ನೀರು. ಆ ಮೂಕ ಪ್ರಾಣಿಗಳ ಬಗ್ಗೆ ಓದುವಾಗ ಮನಸ್ಸು ಮುದುಡುತ್ತದೆ. ಆದರೆ ಅವುಗಳಿಂದ ತಿಳಿದ ಸಂಗತಿ ಸಣ್ಣದಲ್ಲ.

ಅದನ್ನು ಹೇಳುವ ಮೊದಲು ಈ ಹೊಸ ನೋಟದ ಬಗ್ಗೆ ಎರಡು ಮಾತು. ಇದಕ್ಕೆ ಸಿಸ್ಟಮ್ಸ್ ಬಯಾಲಜಿ, ಅಂದರೆ ವ್ಯವಸ್ಥಾ ಜೀವಶಾಸ್ತ್ರ ಎಂದು ಹೆಸರು. ನಾನು ಜೀವಶಾಸ್ತ್ರ ಕಲಿತ ಕಾಲದಲ್ಲಿ, ಕಲಿಸಲು ಹೊರಟ ಕಾಲದಲ್ಲೂ, ಪದ್ಧತಿ ಬೇರೆ ಇತ್ತು. ಒಂದು ವಂಶವಾಹಿ, ಅದರಿಂದ ಒಂದು ಪ್ರೋಟೀನು, ಅದರ ಒಂದು ಕೆಲಸ. ಒಬ್ಬ ಸಂಶೋಧಕ ಒಂದೇ ಪ್ರೋಟೀನಿನ ಬೆನ್ನು ಹತ್ತಿ ಇಡೀ ಆಯುಷ್ಯ ಕಳೆಯಬಹುದಿತ್ತು. ಮಂಗಳೂರಿನ ಹಂಪನಕಟ್ಟೆಯಲ್ಲಿ ಸಂಜೆ ಆರು ಗಂಟೆಗೆ ವಾಹನಗಳು ಕಟ್ಟಿಕೊಂಡಾಗ ಒಂದು ಬಸ್ಸಿನ ಡ್ರೈವರನನ್ನು ಹಿಡಿದು ವಿಚಾರಿಸಿದ ಹಾಗೆ ಅದು. ಅವನು ಹೇಳುವುದು ಸುಳ್ಳಲ್ಲ, ಮುಂದಿನ ಗಾಡಿ ಹೋಗದೆ ನಾನು ಹೇಗೆ ಹೋಗಲಿ ಎನ್ನುತ್ತಾನೆ. ಆದರೆ ಗಂಟು ಎಲ್ಲಿ ಬಿದ್ದಿದೆ ಎಂದು ತಿಳಿಯಬೇಕಾದರೆ ಮೇಲಿನಿಂದ, ಎಲ್ಲ ರಸ್ತೆಗಳನ್ನೂ ಒಂದೇ ಹೊತ್ತಿಗೆ ನೋಡಬೇಕು. ಅದೂ ಒಮ್ಮೆ ನೋಡಿದರೆ ಸಾಲದು. ಐದು ಗಂಟೆಗೆ, ಐದೂವರೆಗೆ, ಆರಕ್ಕೆ ನೋಡಬೇಕು.

ಮನುಷ್ಯನ ವಂಶವಾಹಿಗಳ ನಕ್ಷೆ 2003ರಲ್ಲಿ ಮುಗಿದಾಗ ಪ್ರೋಟೀನು ಕಟ್ಟುವ ವಂಶವಾಹಿಗಳು ಸುಮಾರು 20 ಸಾವಿರ ಎಂದು ಕ್ರಮೇಣ ಗೊತ್ತಾಯಿತು. ಒಂದು ಜೀವಕೋಶದಲ್ಲಿ ಇವೆಲ್ಲವೂ ಇದ್ದರೂ ಎಲ್ಲವೂ ಸದಾ ಕೆಲಸ ಮಾಡುವುದಿಲ್ಲ. ಬೇಕಾದದ್ದು ಮಾತನಾಡುತ್ತದೆ, ಉಳಿದವು ಸುಮ್ಮನಿರುತ್ತವೆ. ಮಾತನಾಡಿದ್ದಕ್ಕೆ ಆರ್‌ಎನ್‌ಎ ಎಂಬ ಚೀಟಿ ಸಾಕ್ಷಿ. ಜೀನ್ ಚಿಪ್ಪುಗಳು ಬಂದ ಮೇಲೆ, ಆಮೇಲೆ ಆರ್‌ಎನ್‌ಎಯನ್ನೇ ನೇರವಾಗಿ ಓದುವ ಯಂತ್ರಗಳು ಬಂದ ಮೇಲೆ, ಸಾವಿರಾರು ವಂಶವಾಹಿಗಳಲ್ಲಿ ಈ ಗಳಿಗೆ ಯಾವುದು ಕೂಗುತ್ತಿದೆ, ಯಾವುದು ಪಿಸುಗುಡುತ್ತಿದೆ, ಯಾವುದು ಬಾಯಿ ಮುಚ್ಚಿದೆ ಎಂದು ಒಟ್ಟಿಗೆ ಅಳೆಯಲು ಸಾಧ್ಯವಾಯಿತು. ಅದರ ಜೊತೆ ಪ್ರೋಟೀನುಗಳ ಲೆಕ್ಕ, ಕೊಬ್ಬಿನಂಶಗಳ ಲೆಕ್ಕ. ಇವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಯಾವುದು ಯಾವುದರ ಜೊತೆ ಏಳುತ್ತದೆ, ಯಾವುದು ಎದ್ದರೆ ಯಾವುದು ಬೀಳುತ್ತದೆ ಎಂಬ ಬಲೆಯನ್ನು ಹೆಣೆಯುವುದೇ ಈ ಶಾಸ್ತ್ರದ ಕಸುಬು. ಲೆರಾಯ್ ಹುಡ್ ಎಂಬ ವಿಜ್ಞಾನಿ ಸಿಯಾಟಲ್‌ನಲ್ಲಿ ಇದಕ್ಕೆಂದೇ 2000ದಲ್ಲಿ ಸಂಸ್ಥೆ ಕಟ್ಟಿದ. ಅಲ್ಲಿಂದಾಚೆಗೆ ಇದು ಜೀವಶಾಸ್ತ್ರದ ದೊಡ್ಡ ಬೀದಿಯೇ ಆಗಿದೆ.

ಕೋತಿಗಳಿಗೆ ಮರಳೋಣ. ನಮ್ಮ ಹಳೆಯ ಕೇರಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಒತ್ತೊತ್ತಾಗಿದ್ದುದು ನಿಮಗೆ ನೆನಪಿರಬಹುದು. ಒಂದು ಮನೆಗೆ ಬೆಂಕಿ ಬಿದ್ದರೆ ಮೊದಲು ಆಗಬೇಕಾದದ್ದು ಕೂಗು. ಪಕ್ಕದ ಮನೆಯವರು ಕೇಳಿ ತಮ್ಮ ಮಾಡಿನ ಮೇಲೆ ನೀರು ಹಾಕಿಕೊಳ್ಳಬೇಕು. ದೇಹದಲ್ಲಿ ಈ ಕೂಗಿಗೆ ಇಂಟರ್‌ಫೆರಾನ್ ಎಂದು ಹೆಸರು. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದದ್ದು. ವೈರಸ್ ಹೊಕ್ಕ ಜೀವಕೋಶ ಕೂಗಿ ಹೇಳುತ್ತದೆ, ನೆರೆಯ ಜೀವಕೋಶಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಎರಡನೆಯದು ಊರ ಜನ ಕೊಡ ಹಿಡಿದು ಓಡಿ ಬರುವುದು. ಅದು ಉರಿಯೂತ. ಬಿಳಿಯ ರಕ್ತಕಣಗಳು ಗುಂಪುಗೂಡುತ್ತವೆ, ರಕ್ತನಾಳಗಳು ಸಡಿಲವಾಗುತ್ತವೆ, ನೀರು ಸೋರುತ್ತದೆ.

ಸಾಮಾನ್ಯ ಫ್ಲೂ ತಗಲಿದ ಕೋತಿಗಳಲ್ಲಿ ಕೂಗು ಬೇಗ ಎದ್ದಿತು, ಕೆಲಸ ಮುಗಿದೊಡನೆ ಇಳಿಯಿತು. 1918ರ ವೈರಸ್ ತಗಲಿದವುಗಳಲ್ಲಿ ಕೂಗು ಏಳಬೇಕಾದ ಹಾಗೆ ಏಳಲಿಲ್ಲ. ವೈರಸ್ಸನ್ನು ಗುರುತಿಸಿ ಎಚ್ಚರಿಸುವ ಕೆಲವು ವಂಶವಾಹಿಗಳೇ ಮಂಕಾಗಿದ್ದವು. ಉರಿಯೂತ ಮಾತ್ರ ಏರಿದ್ದು ಇಳಿಯಲೇ ಇಲ್ಲ. ಕೂಗು ತಡವಾದ್ದರಿಂದ ಬೆಂಕಿ ಹಬ್ಬಿತು, ಆಮೇಲೆ ಬಂದ ಜನ ಕೊಡಗಟ್ಟಲೆ ನೀರು ಹೊಯ್ಯುತ್ತಲೇ ಹೋದರು, ಮಣ್ಣಿನ ಗೋಡೆ ಕರಗಿ ಮನೆಯೇ ಕೂತಿತು. ಕೋತಿಗಳ ಎದೆಯಲ್ಲಿ ಕಂಡ ನೀರು ಅದೇ. ಇಲ್ಲಿ "ಶಕ್ತಿ ಕಡಿಮೆ ಇತ್ತು" ಎಂಬ ಮಾತಿಗೆ ಅರ್ಥವೇನು? ಒಂದು ಶಕ್ತಿ ಕಡಿಮೆ ಇತ್ತು, ಇನ್ನೊಂದು ವಿಪರೀತ ಇತ್ತು, ಎರಡರ ಹೊತ್ತೂ ತಪ್ಪಿತ್ತು. 2020ರಲ್ಲಿ ಇಮ್ಯುನಿಟಿ ಹೆಚ್ಚಿಸುವ ಪುಡಿ, ಲೇಹ್ಯ, ಮಾತ್ರೆಗಳಿಂದ ಅಂಗಡಿಗಳ ಕಪಾಟು ತುಂಬಿತ್ತಲ್ಲ, ಅವು ಇವುಗಳಲ್ಲಿ ಯಾವುದನ್ನು ಹೆಚ್ಚಿಸುತ್ತಿದ್ದವೆಂದು ಮಾರುವವರನ್ನು ಕೇಳಿದ ಗ್ರಾಹಕನನ್ನು ನಾನು ಕಂಡಿಲ್ಲ.

ಎಬೋಲಾದ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಪ್ರಯೋಗಾಲಯದ ಇಲಿಗಳಿಗೆ, ಇಲಿಗಳಿಗೆಂದೇ ಒಗ್ಗಿಸಿದ ಎಬೋಲಾ ಕೊಟ್ಟರೆ ಸಾಯುತ್ತವೆ, ಆದರೆ ಮನುಷ್ಯರಲ್ಲಿ ಕಾಣುವ ರಕ್ತಸ್ರಾವದ ಲಕ್ಷಣಗಳು ಸರಿಯಾಗಿ ಬರುವುದಿಲ್ಲ. ಕಾರಣ ಸರಳ. ಆ ಇಲಿಗಳು ತಲೆಮಾರುಗಳಿಂದ ಒಳಗೊಳಗೇ ಸಂಬಂಧ ಬೆಳೆಸಿದವು, ಎಲ್ಲವೂ ಒಂದೇ ಅಚ್ಚು. ಅಮೆರಿಕದ ಸಂಶೋಧಕರು ಎಂಟು ಬೇರೆ ಬೇರೆ ತಳಿಗಳನ್ನು ಬೆರೆಸಿ ಬೆರೆಸಿ, ಒಂದು ಊರಿನ ಜನರಂತೆ ಬಗೆಬಗೆಯ ವಂಶಗಳನ್ನು ಸೃಷ್ಟಿಸಿದರು. ಮೊಂಟಾನಾದ ಪ್ರಯೋಗಾಲಯದಲ್ಲಿ ಈ ಇಲಿಗಳಿಗೆ ಅದೇ ಎಬೋಲಾವನ್ನು ಕೊಟ್ಟು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಶ್ಚಿಮ ಆಫ್ರಿಕದಲ್ಲಿ ಎಬೋಲಾ 11 ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ ಮಹಾಪಿಡುಗು ಆರಂಭವಾದದ್ದೂ ಆ ಹೊತ್ತಿಗೇ. ಇಲಿ ವಂಶಗಳಲ್ಲಿ ಶೇಕಡ 19 ಸ್ವಲ್ಪ ತೂಕ ಕಳೆದುಕೊಂಡು ಎರಡು ವಾರದೊಳಗೆ ಎದ್ದು ಕೂತವು. ಶೇಕಡ 11ರಷ್ಟು ಅರ್ಧಂಬರ್ಧ ತಡೆದುಕೊಂಡವು. ಉಳಿದ ಶೇಕಡ 70 ವಂಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲಿಗಳು ಸತ್ತವು. ಕೆಲವಕ್ಕೆ ರಕ್ತ ಹೆಪ್ಪುಗಟ್ಟಲಿಲ್ಲ, ಕೆಲವಕ್ಕೆ ಯಕೃತ್ತು ಊದಿಕೊಂಡಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿವರ. ಉಳಿಯುವ ಇಲಿಯಲ್ಲೂ ಸಾಯುವ ಇಲಿಯಲ್ಲೂ ಮೊದಲ ದಿನಗಳಲ್ಲಿ ಯಕೃತ್ತಿನೊಳಗೆ ವೈರಸ್ಸಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಶತ್ರುವಿನ ಸಂಖ್ಯೆ ಒಂದೇ. ಭೇದ ಇದ್ದದ್ದು ಮನೆಯ ಒಳಗೆ, ರಕ್ತನಾಳಗಳ ಗೋಡೆಯನ್ನು ಭದ್ರವಾಗಿಡುವ ವಂಶವಾಹಿಗಳು ಹೇಗೆ ಉತ್ತರಿಸಿದವು ಎಂಬುದರಲ್ಲಿ.

ಇದನ್ನೆಲ್ಲ ನಾನು ಓದಿದ್ದು ಸುಮ್ಮನೆ ಕುತೂಹಲದಿಂದಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಆರು ಮಂದಿಗೆ ಕೊರೊನಾ ಬಂತು. ಉಮ್ಮನಿಗೆ ಆಗ 76. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ನಡೆಯುವುದೇ ಗೋಡೆ ಹಿಡಿದು. ನಾಲ್ಕು ದಿನ ಜ್ವರ ಬಂದು, ಐದನೆಯ ದಿನ ಗಂಜಿಗೆ ಉಪ್ಪಿನಕಾಯಿ ಕೇಳಿದರು. ನನ್ನ ತಮ್ಮನಿಗೆ 44. ಮೀನಿನ ಲಾರಿಗಳ ವ್ಯವಹಾರ, ಬೆಳಗಿನ ಜಾವ ನಾಲ್ಕಕ್ಕೆ ಬಂದರಿನಲ್ಲಿ ಇರುತ್ತಿದ್ದವನು, ಒಂದು ಮಾತ್ರೆ ನುಂಗಿದವನಲ್ಲ. ಎಂಟನೆಯ ದಿನ ಅವನಿಗೆ ಉಸಿರು ಸಾಲದೆ ಬಂತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಆಮ್ಲಜನಕ ಸಿಕ್ಕಿತು, ನಂತರ ವೆಂಟಿಲೇಟರೂ ಸಿಕ್ಕಿತು. ಅಲ್ಲಿದ್ದ ಎಳೆಯ ವೈದ್ಯರೊಬ್ಬರು ನನ್ನನ್ನು ಬದಿಗೆ ಕರೆದು ಹೇಳಿದರು. "ಸಾರ್, ಈಗ ಇವರಲ್ಲಿ ವೈರಸ್ ಅಷ್ಟೇನೂ ಉಳಿದಿರಲಿಕ್ಕಿಲ್ಲ. ಈಗ ನಡೆಯುತ್ತಿರುವುದು ದೇಹದ್ದೇ ಗಲಾಟೆ." ಹದಿನೇಳನೆಯ ದಿನ ಅವನು ಹೋದ. ದಫನಕ್ಕೆ ನಾಲ್ಕೇ ಮಂದಿ, ಅವರೂ ಪ್ಲಾಸ್ಟಿಕ್ ಉಡುಪಿನಲ್ಲಿ.

ಉಮ್ಮ ಬಹಳ ದಿನ ಏನೂ ಕೇಳಲಿಲ್ಲ. ಒಂದು ದಿನ ಮಗ್ರಿಬ್ ಮುಗಿಸಿ ನಮಾಝಿನ ಚಾಪೆಯ ಮೇಲೆಯೇ ಕುಳಿತು, "ಮೋನೇ, ಅವನಿಗೆ ಜ್ವರ ಬಂದದ್ದು ನನ್ನಿಂದಲ್ಲವಾ? ನನಗೆ ಮೊದಲು ಬಂದದ್ದು" ಎಂದರು. ನಾನು ಅಲ್ಲ ಎಂದೆ. ಯಾರಿಂದ ಬಂತೋ ಯಾರಿಗೂ ಗೊತ್ತಿಲ್ಲ ಉಮ್ಮ, ಬಂದದ್ದು ಎಲ್ಲರಿಗೂ ಒಂದೇ, ಒಳಗೆ ಹೋದ ಮೇಲೆ ಅದು ಮಾಡಿದ್ದು ಬೇರೆ ಬೇರೆ ಎಂದೆ. ಅವರಿಗೆ ಎಷ್ಟು ಸಮಾಧಾನವಾಯಿತೋ ತಿಳಿಯದು. ಆದರೆ ನಾನು ಹೇಳಿದ್ದು ಬರೀ ಸಮಾಧಾನದ ಮಾತಾಗಿರಲಿಲ್ಲ.

ಕೊರೊನಾದ ಮೊದಲ ವರ್ಷದಲ್ಲೇ ಇದಕ್ಕೆ ಆಧಾರಗಳು ಬಂದಿದ್ದವು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗ ಡೆಕ್ಸಾಮೆಥಾಸೋನ್‌ನ ಫಲಿತಾಂಶ ಹೇಳಿತು. ಇದು ಹಳೆಯ, ಅಗ್ಗದ ಸ್ಟೀರಾಯ್ಡ್. ವೈರಸ್ಸನ್ನು ಮುಟ್ಟುವುದೇ ಇಲ್ಲ, ದೇಹದ ಉರಿಯೂತವನ್ನು ತಗ್ಗಿಸುತ್ತದೆ ಅಷ್ಟೆ. ವೆಂಟಿಲೇಟರಿನಲ್ಲಿದ್ದವರ ಸಾವನ್ನು ಅದು ಮೂರರಲ್ಲಿ ಒಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಕೊಟ್ಟಾಗ ಮಾತ್ರ ಲಾಭವಾಗಲಿಲ್ಲ. ಕೊಡ ಹಿಡಿದವರನ್ನು ಗೋಡೆ ಕರಗುವ ಹೊತ್ತಿನಲ್ಲಿ ತಡೆದರೆ ಮನೆ ಉಳಿಯುತ್ತದೆ, ಬೆಂಕಿ ಈಗಷ್ಟೇ ಹತ್ತಿದಾಗ ತಡೆದರೆ ಮನೆ ಸುಡುತ್ತದೆ. 2021ರಲ್ಲಿ ನಮ್ಮ ಊರುಗಳಲ್ಲಿ ಏನಾಯಿತು? ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ ನೋಡಿ ಜ್ವರದ ಎರಡನೆಯ ದಿನವೇ ಸ್ಟೀರಾಯ್ಡ್ ನುಂಗಿದವರಿದ್ದರು. ಅಳತೆ ಮೀರಿದ ಸ್ಟೀರಾಯ್ಡ್‌ಗೆ ಸಕ್ಕರೆ ಕಾಯಿಲೆಯೂ ಸೇರಿ ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು, ಕಣ್ಣು ಕಳೆದುಕೊಂಡವರು ಎಷ್ಟೋ ಮಂದಿ. ಔಷಧ ಅದೇ, ಹೊತ್ತು ತಪ್ಪಿತ್ತು.

ಅದೇ ವರ್ಷದ ಇನ್ನೊಂದು ಸಂಶೋಧನೆ ಇದಕ್ಕಿಂತ ವಿಚಿತ್ರ. ಜಾನ್ ಲೋರಾನ್ ಕಸನೋವಾ ಎಂಬ ಫ್ರೆಂಚ್ ವಿಜ್ಞಾನಿಯ ತಂಡ ಜೀವಕ್ಕೆ ಅಪಾಯವಾಗುವ ಹಂತದ 987 ಕೊರೊನಾ ರೋಗಿಗಳ ರಕ್ತ ಪರೀಕ್ಷಿಸಿತು. ಅವರಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ಬೆಂಕಿ ಎಂದು ಕೂಗುವವನ ಬಾಯನ್ನು ಮನೆಯವರೇ ಮುಚ್ಚಿದ ಹಾಗೆ. ಆ 101ರಲ್ಲಿ 95 ಮಂದಿ ಗಂಡಸರು. ರೋಗ ಲಘುವಾಗಿ ಬಂದ, ಅಥವಾ ಲಕ್ಷಣವೇ ಇಲ್ಲದ 663 ಮಂದಿಯಲ್ಲಿ ಒಬ್ಬರಲ್ಲೂ ಅದು ಸಿಗಲಿಲ್ಲ. ಹೊರಗಿನಿಂದ ನೋಡಿದರೆ ಈ ಮನುಷ್ಯರು ಆರೋಗ್ಯವಂತರು. ನನ್ನ ತಮ್ಮ ಅಂಥವರಲ್ಲಿ ಒಬ್ಬನೇ? ಪರೀಕ್ಷೆ ಮಾಡಿದವರಿಲ್ಲ, ಆ ಪರೀಕ್ಷೆ ನಮ್ಮ ಕಡೆ ಮಾಮೂಲಿಯಾಗಿ ಆಗುವಂಥದ್ದೂ ಅಲ್ಲ.

ನಮ್ಮ ಉಪಖಂಡಕ್ಕೆ ನೇರವಾಗಿ ಸಂಬಂಧಿಸಿದ್ದೂ ಒಂದಿದೆ. ಮೂರನೆಯ ವರ್ಣತಂತುವಿನ ಒಂದು ತುಣುಕು ಕೊರೊನಾ ತೀವ್ರವಾಗುವ ಅಪಾಯವನ್ನು ಹೆಚ್ಚಿಸುತ್ತದೆ ಎಂದು 2020ರಲ್ಲಿ ತಿಳಿಯಿತು. ಹ್ಯೂಗೋ ಝೆಬರ್ಗ್ ಮತ್ತು ಸ್ವಾಂಟೆ ಪಾಬೋ ಅದನ್ನು ಬೆನ್ನುಹತ್ತಿ, ಅದು ನಿಯಾಂಡರ್ತಾಲ್ ಮಾನವರಿಂದ ನಮಗೆ ಬಂದದ್ದೆಂದು ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ, ಯುರೋಪಿನಲ್ಲಿ ಶೇಕಡ 16ರಷ್ಟು ಜನರಲ್ಲಿ ಮಾತ್ರ. ಇದನ್ನು ಕೇಳಿ ಎಲ್ಲವನ್ನೂ ವಂಶವಾಹಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಅಪಾಯವೂ ಇದೆ. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕಕ್ಕಾಗಿ ಬಾಯಿ ಬಿಟ್ಟವರಿಗೆ ಬೇಕಾಗಿದ್ದದ್ದು ಸಿಲಿಂಡರು. ಅಲ್ಲಿ ನಿಯಾಂಡರ್ತಾಲನನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಇಂಥ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಬ್ಬರಾದರೂ ಎದ್ದು, ಇದನ್ನೆಲ್ಲ ನಮ್ಮ ಹಕೀಮರು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ ಎನ್ನುತ್ತಾರೆ. ಈ ಚಟ ನಮಗೊಂದೇ ಅಲ್ಲ, ನೆರೆಯ ಸಮುದಾಯಗಳಿಗೂ ಧಾರಾಳವಾಗಿದೆ. ಇಂಟರ್‌ಫೆರಾನನ್ನು ಯಾವ ಹಕೀಮರೂ ಹೇಳಿಲ್ಲ. ಆದರೆ ಪ್ರಶ್ನೆಯನ್ನು ಅವರು ಕೇಳಿದ್ದರು ಎಂಬುದು ನಿಜ, ಅದೇನೂ ಸಣ್ಣ ಮಾತಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಅಬೂಬಕರ್ ರಾಝಿ ಸಿಡುಬು ಮತ್ತು ದಡಾರವನ್ನು ಬೇರ್ಪಡಿಸಿ ಬರೆದ ಗ್ರಂಥದಲ್ಲಿ ಸಿಡುಬಿಗೆ ಕಾರಣವನ್ನು ದೇಹದ ಒಳಗೇ ಹುಡುಕಿದರು. ಮಕ್ಕಳ ರಕ್ತ ಹಣ್ಣಿನ ರಸದಂತೆ ಹುಳಿಯೇರಿ ಕುದಿಯುವುದೇ ಕಾರಣವೆಂದು ಅವರ ವಾದ. ಅದು ತಪ್ಪು ಎಂದು ನಮಗೀಗ ಗೊತ್ತು. ಯಾವ ಮೈಯವರಿಗೆ ಕಠಿಣವಾಗಿ ಬರುತ್ತದೆ, ಯಾರಿಗೆ ಹಗುರವಾಗಿ ಎಂದು ಅವರು ಗಮನಿಸಿ ಬರೆದ ತಾಳ್ಮೆ ಮಾತ್ರ ತಪ್ಪಲ್ಲ. ನಾಲ್ಕು ಶತಮಾನಗಳ ಮೇಲೆ, 1348ರ ಮಹಾಪ್ಲೇಗನ್ನು ಕಂಡ ಗ್ರಾನಡಾದ ಇಬ್ನುಲ್ ಖತೀಬ್, ರೋಗ ಒಬ್ಬರಿಂದೊಬ್ಬರಿಗೆ ಹರಡುತ್ತದೆಂಬುದು ಅನುಭವ ಮತ್ತು ಪರಿಶೀಲನೆಯಿಂದ ಸಾಬೀತಾಗಿದೆ ಎಂದು ಧೈರ್ಯವಾಗಿ ಬರೆದರು. ಅದೇ ವರ್ಷಗಳಲ್ಲಿ ಯುರೋಪಿನ ಊರೂರುಗಳಲ್ಲಿ ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆಂದು ಹೇಳಿ ಅವರನ್ನು ಸುಡಲಾಗುತ್ತಿತ್ತು. ಕಾರಣ ಕಾಣದಿದ್ದಾಗ ಜನ ಅಪರಾಧಿಯನ್ನು ಹುಡುಕುತ್ತಾರೆ. 2020ರ ಏಪ್ರಿಲ್‌ನಲ್ಲಿ ಟಿವಿ ಚಾನೆಲ್‌ಗಳು ರೋಗಕ್ಕೆ ಟೋಪಿ ತೊಡಿಸಿ ಕೂಗಾಡಿದ್ದನ್ನೂ, ನಮ್ಮ ತರಕಾರಿ ಗಾಡಿಗಳನ್ನು ಬೀದಿಗಳಿಂದ ಹಿಂದಕ್ಕೆ ಕಳಿಸಿದ್ದನ್ನೂ ಈ ಪತ್ರಿಕೆಯ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ತಬ್ಲೀಗ್ ಜಮಾಅತಿನ ವಿದೇಶಿಯರನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ಹೇಳಿತು. ಅಷ್ಟರಲ್ಲಿ ಗಾಡಿಯವರ ಬೇಸಿಗೆ ಕಳೆದಿತ್ತು.

ವಿಧಿಯ ಮಾತೂ ಇದೆ. ದೇಹದೊಳಗಿನ ಕಾರಣ ಹುಡುಕುವುದು ಅಲ್ಲಾಹನ ವಿಧಿಯನ್ನು ಪ್ರಶ್ನಿಸಿದ ಹಾಗಲ್ಲವೇ ಎಂದು ನಮ್ಮ ಮೊಹಲ್ಲಾದ ಒಬ್ಬ ಸಜ್ಜನರು ನನ್ನನ್ನು ಕೇಳಿದರು. ಖಲೀಫಾ ಉಮರ್(ರ) ಸಿರಿಯಾಕ್ಕೆ ಹೊರಟು ಸರ್ಗ್ ಎಂಬಲ್ಲಿ ತಲುಪಿದಾಗ ಮುಂದೆ ಪ್ಲೇಗ್ ಇದೆಯೆಂದು ತಿಳಿದು ಹಿಂದಿರುಗಲು ನಿಶ್ಚಯಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಅಬೂ ಉಬೈದಾ(ರ) ಅವರು, ಇದು ವಿಧಿಯಿಂದ ಓಡಿದ ಹಾಗಾಗದೇ ಎಂದು ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ತಾತ್ಪರ್ಯ. ಒಂದೇ ಕಣಿವೆಯ ಎರಡು ಮಗ್ಗುಲುಗಳಲ್ಲಿ ಒಂದು ಹಸಿರು, ಒಂದು ಬರಡಾಗಿದ್ದರೆ ಒಂಟೆಯನ್ನು ಎಲ್ಲಿ ಮೇಯಿಸುವಿರಿ ಎಂಬ ದೃಷ್ಟಾಂತವನ್ನೂ ಕೊಟ್ಟರು. ಯಾವ ಮಗ್ಗುಲು ಹಸಿರು ಎಂದು ನೋಡಿಕೊಳ್ಳುವ ಕೆಲಸವನ್ನು ಅವರು ಬೇಡ ಎನ್ನಲಿಲ್ಲ. ನಾನು ಆ ಸಜ್ಜನರಿಗೆ ಇಷ್ಟೇ ಹೇಳಿದೆ. ಅಬೂ ಉಬೈದಾ(ರ) ನಂತರ ಅದೇ ಪ್ಲೇಗಿನಲ್ಲಿ ಶಹೀದರಾದರು ಎಂದು ಅವರು ನೆನಪಿಸಿದರು. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಈ ಶಾಸ್ತ್ರದ ಬಗ್ಗೆ ನನಗೆ ದೂರುಗಳೂ ಇವೆ. ಅಂಕಿಗಳ ಬೆಟ್ಟವನ್ನೇ ಪೇರಿಸುತ್ತಾರೆ. ಎರಡು ವಂಶವಾಹಿಗಳು ಒಟ್ಟಿಗೆ ಎದ್ದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ, ಅದನ್ನು ಮತ್ತೆ ಪ್ರಯೋಗ ಮಾಡಿಯೇ ನೋಡಬೇಕು. ತೋಳಿನಿಂದ ತೆಗೆದ ರಕ್ತ ಶ್ವಾಸಕೋಶದ ಮೂಲೆಯಲ್ಲಿ ನಡೆಯುತ್ತಿರುವುದನ್ನೆಲ್ಲ ಹೇಳುವುದಿಲ್ಲ. ಇವೆಲ್ಲಕ್ಕಿಂತ ನನಗೆ ಚುಚ್ಚುವುದು ಬೇರೆ ಒಂದು. ಯಾರ ಜ್ವರವನ್ನು ಇವರು ಇಷ್ಟು ಶ್ರದ್ಧೆಯಿಂದ ನೋಡುತ್ತಾರೆ?

ನಾನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ. 1982ರ ಕೊನೆಯಲ್ಲಿ ನಿಡ್ಲೆಯ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಕೆಲಸಗಾರರಿಗೆ ಜ್ವರ ಬಂತು. ಆ ಬೇಸಿಗೆ ಕಳೆಯುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದ್ದರು. ಅದು ಮಂಗನ ಕಾಯಿಲೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡದ್ದರಿಂದ ಜಗತ್ತಿಗೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಅದರ ಹೆಸರು. ಉಣುಗು ಕಚ್ಚಿ ಬರುತ್ತದೆ. ನಮ್ಮ ಮನೆಯ ಹಿಂದಿನ ಗುಡ್ಡದ ಇಬ್ಬರು, ಭಾವ ಭಾವಮೈದುನರು, ಒಂದೇ ತಂಡದಲ್ಲಿ ಮರ ಕಡಿಯಲು ಹೋಗುತ್ತಿದ್ದವರು, ಒಂದೇ ವಾರ ಮಲಗಿದರು. ಒಬ್ಬನಿಗೆ ಜ್ವರ ಬಿಟ್ಟಿತು, ಅಂಗಡಿಗೆ ಬಂದು ಬೀಡಿ ಕೊಂಡು ಹೋಗುವಷ್ಟು ಚೇತರಿಸಿಕೊಂಡ. ಎರಡು ವಾರದ ಮೇಲೆ ಜ್ವರ ಮರಳಿ ಬಂತು, ಈ ಸಲ ತಲೆಗೇರಿತು, ಕೈಕಾಲು ನಡುಗಿ ಮಾತು ನಿಂತು ಹೋದ. ಇನ್ನೊಬ್ಬ ಆಮೇಲೆ ಮೂವತ್ತು ವರ್ಷ ಬದುಕಿದ. ಇದು ಆ ರೋಗದ ಸ್ವಭಾವ. ಹೆಚ್ಚಿನವರಲ್ಲಿ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ, ಕೆಲವರಲ್ಲಿ ನಡುವೆ ಬಿಡುವು ಕೊಟ್ಟು ಎರಡನೆಯ ಸುತ್ತು ಬರುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಆ ಬಿಡುವಿನ ದಿನಗಳಲ್ಲಿ ಒಳಗೆ ಏನು ನಡೆಯುತ್ತದೆ, ಎರಡನೆಯ ಸುತ್ತು ಬರಲಿರುವವನ ರಕ್ತ ಮೊದಲೇ ಏನಾದರೂ ಹೇಳುತ್ತದೆಯೇ? ಈ ಶಾಸ್ತ್ರಕ್ಕೆ ಹೇಳಿ ಮಾಡಿಸಿದಂಥ ಪ್ರಶ್ನೆ. ಆದರೆ ಫ್ಲೂ, ಎಬೋಲಾ, ಕೊರೊನಾಗಳ ಮೇಲೆ ನಡೆದ ಕೆಲಸದ ಒಂದು ಚೂರೂ ಇದರ ಮೇಲೆ ನಡೆದಿಲ್ಲ. ಇದು ಕೊಲ್ಲುವುದು ಕಾಡಿನಂಚಿನ ಕೂಲಿಯವರನ್ನು, ಸೊಪ್ಪು ತರಗೆಲೆ ತರಲು ಹೋಗುವ ಹೆಂಗಸರನ್ನು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿದೇಶದಲ್ಲಿ ಇಂಥದೇ ಅಂಕಿಗಳ ಬಲೆ ಹೆಣೆಯುವ ಕೆಲಸದಲ್ಲಿದ್ದಾನೆ. ಫೋನು ಮಾಡಿದಾಗ ಕೇಳಿದೆ, ನಮ್ಮೂರ ಮಂಗನ ಕಾಯಿಲೆಯನ್ನೂ ಒಮ್ಮೆ ನೋಡಬಾರದೇ ಎಂದು. "ಸಾರ್, ಲೆಕ್ಕ ಮಾಡುವುದು ನನಗೆ ಎರಡು ವಾರದ ಕೆಲಸ. ಆದರೆ ರಕ್ತ ಎಲ್ಲಿದೆ?" ಎಂದ. ಈಗ ರೋಗಿಯ ರಕ್ತ ತೆಗೆಯುವುದು ಮುಖ್ಯವಾಗಿ ಕಾಯಿಲೆ ಹೌದೋ ಅಲ್ಲವೋ ಎಂದು ತಿಳಿಯಲು. ಅವನಿಗೆ ಬೇಕಾದದ್ದು ಅದೇ ಮನುಷ್ಯನ ರಕ್ತ ಎರಡನೆಯ ದಿನ, ಐದನೆಯ ದಿನ, ಹತ್ತನೆಯ ದಿನ, ಜ್ವರ ಬಿಟ್ಟ ಮೇಲೂ ಒಮ್ಮೆ. ತೆಗೆದ ಕೂಡಲೆ ಅದನ್ನು ತಣ್ಣಗೆ ಕಾಪಾಡಬೇಕು. ಜೀವಂತ ವೈರಸ್ಸಿನ ಕೆಲಸ ಮಾಡಲು ಪುಣೆಯ ವೈರಾಣು ಸಂಸ್ಥೆಯಲ್ಲಿ 2012ರ ಕೊನೆಯಲ್ಲಿ ಆರಂಭವಾದ ಅತಿಭದ್ರ ಪ್ರಯೋಗಾಲಯವಿದೆ. ಅಲ್ಲ, ದೊಡ್ಡ ಕಷ್ಟ ಅಲ್ಲಿಲ್ಲ ಸಾರ್ ಎಂದ ಅವನು. ಜ್ವರ ಬಿಟ್ಟು ಮನೆಗೆ ಹೋದವನು ಮತ್ತೆ ರಕ್ತ ಕೊಡಲು ಎರಡು ಬಸ್ಸು ಬದಲಿಸಿ ಬರಬೇಕು, ಅವತ್ತಿನ ಕೂಲಿ ಹೋಗುತ್ತದೆ, ಯಾಕೆ ಬರುತ್ತಾನೆ ಹೇಳಿ ಎಂದ. ಆ ಕೂಲಿಗೆ ಎಷ್ಟಾಗಬಹುದೆಂದು ನಾವಿಬ್ಬರೂ ಫೋನಿನಲ್ಲೇ ಒಂದು ಲೆಕ್ಕ ಹಾಕಿದೆವು. ನೂರು ಮಂದಿಗೆ, ತಲಾ ನಾಲ್ಕು ದಿನದ ಕೂಲಿ, ಬಸ್ ಚಾರ್ಜು, ಮಧ್ಯಾಹ್ನದ ಊಟ. ಅವನ ಪ್ರಯೋಗಾಲಯದಲ್ಲಿ ಒಂದು ಯಂತ್ರದ ವರ್ಷದ ರಿಪೇರಿ ಖರ್ಚಿಗಿಂತ ಅದು ಕಡಿಮೆ ಬಂತು.